ಬೀದರದ ಹೋಟೆಲಿನಲ್ಲಿ ಅವ್ವ, ಅಪ್ಪ

ಮೂವತ್ತೆರಡು ವರ್ಷ ಬಸ್ ಕಂಡಕ್ಟರ್ ಆಗಿ ದುಡಿದ ಮಚ್ಛೇಂದ್ರ ಜೂನ್ ತಿಂಗಳಲ್ಲಿ ನಿವೃತ್ತನಾಗಿ ಮನೆಗೆ ಬಂದ. ಅವನನ್ನು ಎಲ್ಲಿ ಮಲಗಿಸುವುದು ಎಂಬ ಪ್ರಶ್ನೆ ಆ ಮನೆಯಲ್ಲಿ ಅಲ್ಲಿಯವರೆಗೆ ಎದ್ದಿರಲಿಲ್ಲ. ವಾರದಲ್ಲಿ ನಾಲ್ಕು ದಿನ ಅವನಿಗೆ ನೈಟ್ ಹಾಲ್ಟ್. ಔರಾದದಲ್ಲೋ ಉದಗೀರದಲ್ಲೋ ಬಸ್ಸು ನಿಂತ ಕಡೆ ಮಲಗಿ, ಬೆಳಗಿನ ಮೊದಲ ಟ್ರಿಪ್ಪಿಗೆ ಎದ್ದು ಬಿಡುತ್ತಿದ್ದ. ಉಳಿದ ದಿನ ಪಡಸಾಲೆಯಲ್ಲಿ ಒಂದು ಚಾದರ ಹಾಸಿಕೊಂಡರೆ ಆಗುತ್ತಿತ್ತು.

ಭಾಲ್ಕಿಯ ಆ ಮನೆಯಲ್ಲಿ ಇದ್ದದ್ದು ಎರಡೇ ಕೋಣೆ. ಒಂದರಲ್ಲಿ ಮಗ ವಿಶ್ವಾಸ, ಸೊಸೆ ಪ್ರಣಿತಾ, ಎಂಟು ವರ್ಷದ ಮೊಮ್ಮಗ ಕುಣಾಲ. ಇನ್ನೊಂದರಲ್ಲಿ ಸರಕಾರಿ ನೌಕರಿಯ ಪರೀಕ್ಷೆಗೆ ಓದುತ್ತಿದ್ದ ಮಗಳು ಪ್ರಣಾಲಿ ಮತ್ತು ಅವಳ ಪುಸ್ತಕಗಳು. ಪುಸ್ತಕಗಳು ಬಿಟ್ಟುಕೊಟ್ಟ ಜಾಗದಲ್ಲಿ ಮಚ್ಛೇಂದ್ರನ ಹೆಂಡತಿ ಶಾಲುಬಾಯಿ ಮಲಗುತ್ತಿದ್ದಳು. ಹೀಗಾಗಿ ಮಚ್ಛೇಂದ್ರನಿಗೆ ಪಡಸಾಲೆಯೇ ಖಾಯಂ ಆಯಿತು. ವಿಶ್ವಾಸ ಅಲ್ಲಿ ಒಂದು ಕಬ್ಬಿಣದ ಮಂಚ ತಂದು ಹಾಕಿದ. ಬುದ್ಧನ ಮತ್ತು ಬಾಬಾಸಾಹೇಬರ ಫೋಟೋಗಳ ಕೆಳಗೆ, ಬಾಗಿಲಿನ ಪಕ್ಕದಲ್ಲಿ.

ಬೆಳಗ್ಗೆ ಐದೂವರೆಗೆ ಪ್ರಣಿತಾ ಕಸ ಹೊಡೆಯಲು ಬರುತ್ತಿದ್ದಳು. ಮಚ್ಛೇಂದ್ರ ಏಳಲೇಬೇಕು. ಸಂಜೆ ನಾಲ್ಕೂವರೆಗೆ ಅವಳ ಹತ್ತಿರ ಟ್ಯೂಷನ್ನಿಗೆ ಹದಿನಾಲ್ಕು ಮಕ್ಕಳು ಬಂದು ಪಡಸಾಲೆಯ ತುಂಬ ಕೂರುತ್ತಿದ್ದವು. ಮಂಚದ ಮೇಲೂ ನಾಲ್ಕು ಕೂರುತ್ತಿದ್ದವು. ಮಚ್ಛೇಂದ್ರ ಚಪ್ಪಲಿ ಮೆಟ್ಟಿ ಬಸ್ ನಿಲ್ದಾಣಕ್ಕೆ ಹೋಗಿ, ಯಾವ ಗಾಡಿ ಎಷ್ಟು ತಡ ಎಂದು ನೋಡುತ್ತ ಏಳರವರೆಗೆ ಕುಳಿತು ಬರುತ್ತಿದ್ದ. ಊಟಕ್ಕೆ ಕುಳಿತಾಗ ಶಾಲುಬಾಯಿ ಒಲೆಯ ಮುಂದೆ ರೊಟ್ಟಿ ತಟ್ಟುತ್ತಿರುತ್ತಿದ್ದಳು. ಅವಳು ಉಣ್ಣಲು ಕುಳಿತಾಗ ಅವನು ಎದ್ದಿರುತ್ತಿದ್ದ. ಯಾರೂ ಯಾರಿಗೂ ಕೆಟ್ಟದಾಗಿ ನಡೆದುಕೊಳ್ಳುತ್ತಿರಲಿಲ್ಲ. ಗಂಡ ಹೆಂಡತಿ ದಿನಕ್ಕೆ ಆಡುತ್ತಿದ್ದ ಮಾತು ಮಾತ್ರ "ಇನ್ನೊಂದು ರೊಟ್ಟಿ ಹಾಕ್ಲಿ?", "ಸಾಕು" ಎನ್ನುವಷ್ಟೇ.

ದೀಪಾವಳಿ ಮುಗಿದ ವಾರ, ಒಂದು ಮಧ್ಯಾಹ್ನ, ಮನೆಯಲ್ಲಿ ಯಾರೂ ಇಲ್ಲದಾಗ ಮಚ್ಛೇಂದ್ರ ಅಡುಗೆಮನೆಯ ಹೊಸ್ತಿಲಲ್ಲಿ ಬಂದು ನಿಂತ. ಶಾಲುಬಾಯಿ ತೊಗರಿಬೇಳೆ ಹಸನು ಮಾಡುತ್ತಿದ್ದಳು.

"ಎರಡು ದಿನ ಬೀದರಕ್ಕ ಹೋಗಿ ಇರಮೇನು?"

"ಯಾರ ಮನ್ಯಾಗ?"

"ಯಾರ ಮನ್ಯಾಗೂ ಅಲ್ಲ. ಹೋಟೆಲದಾಗ."

ಶಾಲುಬಾಯಿ ಮೊರ ಕೆಳಗಿಟ್ಟಳು. "ಹೋಟೆಲಕ್ಕ ಮಂದಿ ಉಣ್ಣಾಕ ಹೋಗ್ತಾರ. ಇರಾಕ ಯಾರು ಹೋಗ್ತಾರ?"

"ಇರಾಕೂ ಹೋಗ್ತಾರ. ದಿನಾ ನನ್ನ ಗಾಡ್ಯಾಗ ಎಷ್ಟೋ ಮಂದಿ ಪೆಟಿಗಿ ತಗೊಂಡು ಇಳೀತಿದ್ರು. ಬೀದರ ನೋಡಾಕ ಬಂದೀವಿ ಅಂತಿದ್ರು."

"ಬೀದರದಾಗ ನಿಮಗ ನೋಡೂದು ಏನು ಉಳದದ? ಸಾವಿರ ಸಲ ಹೋಗಿ ಬಂದೀರಿ."

"ನಾ ಬಸ್ ಸ್ಟ್ಯಾಂಡ್ ನೋಡೀನಿ. ಕೋಟಿ ಒಳಗ ಎಂದೂ ಹೋಗಿಲ್ಲ."

ಶಾಲುಬಾಯಿ ಮತ್ತೆ ಮೊರ ಎತ್ತಿಕೊಂಡು ನಾಲ್ಕು ಹರಳು ಆರಿಸಿ ಎಸೆದಳು. ಆಮೇಲೆ ಕೇಳಿದಳು, "ಮಕ್ಕಳಿಗಿ ಏನಂತ ಹೇಳೂದು?"

ಅವಳು ಹೂಂ ಅಂದಿದ್ದಾಳೆ ಎಂದು ಮಚ್ಛೇಂದ್ರನಿಗೆ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು.

ಹೋಟೆಲಿಗೆ ಹೋಗುತ್ತೇವೆಂದು ಮಗ ಸೊಸೆಯ ಮುಂದೆ ಹೇಳಲು ಇಬ್ಬರಿಗೂ ಬಾಯಿ ಬರಲಿಲ್ಲ. ಪಿಂಚಣಿಗಾಗಿ ಬದುಕಿರುವ ಪ್ರಮಾಣಪತ್ರ ಕೊಡಬೇಕು, ಸಾಹೇಬರು ಸಿಗದಿದ್ದರೆ ಹಳೆಯ ಡ್ರೈವರ್ ಅಬ್ದುಲ ಅಜೀಜನ ಮನೆಯಲ್ಲಿ ಉಳಿಯುತ್ತೇನೆ ಎಂದು ಮಚ್ಛೇಂದ್ರ ಹೇಳಿದ. ಔರಾದದಲ್ಲಿರುವ ಗಂಡನ ಅಕ್ಕ ಸಖುಬಾಯಿಗೆ ಮೊಣಕಾಲು ನೋವಂತೆ, ನೋಡಿಕೊಂಡು ಬರುತ್ತೇನೆ ಎಂದು ಶಾಲುಬಾಯಿ ಹೇಳಿದಳು. ಅವನು ಎಂಟರ ಬಸ್ಸಿಗೆ ಹೋದ. ಎಲ್ಲ ಕಂಡಕ್ಟರುಗಳಿಗೂ ಅವನ ಗುರುತು ಇದ್ದುದರಿಂದ ಅವಳು ಹತ್ತರ ಬಸ್ಸಿಗೆ ಹೋದಳು. ಬೀದರದ ಹೊಸ ಬಸ್ ನಿಲ್ದಾಣದಲ್ಲಿ ಅವನು ಕಾಯುತ್ತಿದ್ದ.

ಹೋಟೆಲು ಊರ ನಡುವೆ, ನಾಲ್ಕು ಅಂತಸ್ತಿನದು. ಕೌಂಟರಿನಲ್ಲಿ ಮುಬಶ್ಶೀರ ಎಂಬ ತರುಣ ಕುಳಿತಿದ್ದ. ನಮಸ್ಕಾರ ಮಾಡಿ ಇಬ್ಬರ ಆಧಾರ್ ಕಾರ್ಡ್ ಇಸಿದುಕೊಂಡ. ಒಂದನ್ನು ನೋಡಿದ, ಇನ್ನೊಂದನ್ನು ನೋಡಿದ, ಮತ್ತೆ ಮೊದಲಿನದನ್ನು ನೋಡಿದ.

"ಇದರಾಗ ಗಂಡನ ಹೆಸರಿಲ್ರಿ ಚಾಚಾ. ತಂದಿ ಹೆಸರದ. ಅಡ್ರೆಸ್ ಔರಾದ ಅದ. ನಿಮ್ಮದು ಭಾಲ್ಕಿ."

"ಆಕಿ ತನ್ನ ತಂಗಿ ಬಾಣಂತನ ಮಾಡಾಕ ಔರಾದಕ್ಕ ಹೋಗಿದ್ಳು. ಅವಾಗ ಅಲ್ಲೇ ಕ್ಯಾಂಪಿನಾಗ ಕಾರ್ಡ್ ಮಾಡ್ಸ್ಯಾಳ."

"ಅದು ಬರೋಬ್ಬರಿ ಇರಬಹುದ್ರಿ. ಆದ್ರ ಇಲ್ಲೇ ಜಿಲ್ಲಾದವರಿಗಿ ರೂಮ್ ಕೊಡಬ್ಯಾಡ ಅಂತ ಮಾಲಕರು ಹೇಳ್ಯಾರ್ರಿ. ಹೋದ ತಿಂಗಳು ಚೆಕಿಂಗ್ ಆಗಿ ಭಾಳ ಪರೇಶಾನಿ ಆಯ್ತು. ಲಗ್ನದ ಸರ್ಟಿಫಿಕೇಟ್ ಏನಾರ ಅದೇನ್ರಿ?"

"ನಮ್ಮ ಲಗ್ನ ಆಗಿ ಮೂವತ್ತೈದು ವರ್ಷ ಆಗೇದಪ. ಬುದ್ಧವಿಹಾರದಾಗ ಭಂತೇಜಿ ಮುಂದ ಆಗೇದ. ಸರ್ಟಿಫಿಕೇಟ್ ಯಾರು ತಗೊಂಡಾರ?"

ಶಾಲುಬಾಯಿ ಸೆರಗಿನೊಳಗಿಂದ ಕರಿಮಣಿ ಎತ್ತಿ ತೋರಿಸಿದಳು.

"ಅದು ಎಲ್ಲರೂ ಹಾಕ್ಕೊಂಡೇ ಬರ್ತಾರಮ್ಮ," ಅಂದ ಮುಬಶ್ಶೀರ. ಅವನು ಅದನ್ನು ಮೆಲ್ಲಗೆ, ಬೇಜಾರಿನಲ್ಲೇ ಹೇಳಿದ. ಆದರೂ ಸೋಫಾದ ಮೇಲೆ ಬ್ಯಾಗು ಹಿಡಿದು ಕುಳಿತಿದ್ದ ಬೀಜದ ಕಂಪನಿಯ ಮೂವರು ತಲೆ ಎತ್ತಿ ನೋಡಿದರು.

"ಮನ್ಯಾಗಿನವರು ಯಾರಾದರೂ ಫೋನಿನಾಗ ಹೂಂ ಅಂದ್ರ ಸಾಕ್ರಿ. ನಾ ಬರಕೊಳ್ತೇನಿ."

ಪ್ರಣಾಲಿ ಗ್ರಂಥಾಲಯದಲ್ಲಿ ಫೋನ್ ಆಫ್ ಮಾಡಿ ಇಟ್ಟಿರುತ್ತಾಳೆ. ಮಚ್ಛೇಂದ್ರ ವಿಶ್ವಾಸನ ನಂಬರ್ ಹೇಳಿದ. ಮುಬಶ್ಶೀರ ಕೌಂಟರಿನ ಫೋನಿನಿಂದ ಹಚ್ಚಿ ಸ್ಪೀಕರ್ ಒತ್ತಿದ. ವಿಶ್ವಾಸ ಸಹಕಾರ ಸಂಘದಲ್ಲಿ ಗುಮಾಸ್ತ. ಗೊಬ್ಬರದ ಪಾಳಿಯ ಗದ್ದಲ ಅವನ ದನಿಯ ಹಿಂದೆ ಕೇಳುತ್ತಿತ್ತು.

"ಸರ್, ಬೀದರ ಹೋಟೆಲದಿಂದ ಮಾತಾಡ್ಲಿಕತ್ತೀನ್ರಿ. ಮಚ್ಛೇಂದ್ರ ಅಂಬೋರು ನಿಮ್ಮ ತಂದಿಯವರೇನ್ರಿ?"

"ಹೌದ್ರಿ. ಏನಾಯ್ತ್ರಿ ಅವರಿಗಿ?"

"ಏನೂ ಆಗಿಲ್ರಿ. ಅವರ ಜೋಡಿ ಒಬ್ಬರು ಲೇಡಿಸ್ ಅದಾರ್ರಿ. ಅವರು ನಿಮ್ಮ ತಾಯಿಯವರೇ ಏನ್ರಿ?"

"ಎಂಥಾ ಲೇಡಿಸ್ರಿ? ನಮ್ಮವ್ವ ಔರಾದದಾಗ ನಮ್ಮ ಅತ್ತಿ ಮನ್ಯಾಗ ಅದಾಳ."

ಮುಬಶ್ಶೀರ ತಲೆ ತಗ್ಗಿಸಿದ. ಶಾಲುಬಾಯಿ ಕೌಂಟರಿನ ಮೇಲೆ ಬಗ್ಗಿ ಫೋನಿನ ಹತ್ತಿರ ಬಾಯಿ ಒಯ್ದಳು.

"ವಿಶ್ವಾ, ನಾ ಇದ್ದೀನಪ."

"ಯಾರ್ರಿ ನೀವು?"

"ನಿಮ್ಮವ್ವ."

ಗೊಬ್ಬರದ ಪಾಳಿಯಲ್ಲಿ ಯಾರೋ ಚೀಟಿ ಕೇಳುತ್ತಿದ್ದರು.

"ನೀ ಔರಾದಕ್ಕ ಹೋಗಿದ್ದಿಯಲ್ಲ."

"ಹೂಂ."

"ಮತ್ತ ಅಲ್ಲಿ ಹ್ಯಾಂಗ ಬಂದಿ?"

"ಬಸ್ಸಿನಾಗ."

ಮುಬಶ್ಶೀರ ನಡುವೆ ಬಂದ. "ಸರ್, ಒಮ್ಮಿ ಹೂಂ ಅನ್ರಿ ಸಾಕು. ಇವರು ನಿಮ್ಮ ತಂದಿ ತಾಯಿ ಹೌದಲ್ರಿ?"

"ಹೂಂ," ಅಂದ ವಿಶ್ವಾಸ. "ಅವರೇ."

ಮೂರನೆಯ ಅಂತಸ್ತಿನ ಆ ಕೋಣೆಯಲ್ಲಿ ಶಾಲುಬಾಯಿ ಕುರ್ಚಿಯ ತುದಿಯಲ್ಲಿ ಕುಳಿತಳು. ಮಚ್ಛೇಂದ್ರ ದೀಪ ಹಚ್ಚಲು ಎಲ್ಲ ಸ್ವಿಚ್ಚು ಒತ್ತಿದ, ಯಾವುದೂ ಹತ್ತಲಿಲ್ಲ. ಟವೆಲ್ ಕೊಡಲು ಬಂದ ರುಖ್ಸಾರ ಎಂಬ ಕೆಲಸದ ಹೆಣ್ಣುಮಗಳು ಕೋಣೆಯ ಕಾರ್ಡನ್ನು ಗೋಡೆಯ ಸಂದಿಯಲ್ಲಿ ತುರುಕಿ ಬೆಳಕು ಮಾಡಿದಳು. ಅವಳು ಹಾಸಿಗೆಯ ಮೇಲಿನ ಬಟ್ಟೆ ಬಿಡಿಸುವಾಗ ಶಾಲುಬಾಯಿ ಎದ್ದು ಹೋಗಿ ಇನ್ನೊಂದು ತುದಿ ಹಿಡಿದಳು.

"ಬಿಡ್ರಿ ಅಮ್ಮ, ಇದು ನಮ್ಮ ಕೆಲಸ. ದವಾಖಾನಿಗಿ ಬಂದೀರೇನ್ರಿ?"

"ಇಲ್ಲ."

"ಮದುವಿ?"

"ಅದೂ ಇಲ್ಲ. ಸುಮ್ಮ ಬಂದೀವಿ."

"ಸುಮ್ಮ ಯಾರೂ ಬರಂಗಿಲ್ರಿ," ಎಂದು ರುಖ್ಸಾರ ನಕ್ಕು ಹೋದಳು.

ಬಾಗಿಲು ತಾನಾಗಿಯೇ ಮುಚ್ಚಿಕೊಂಡಿತು. ಶಾಲುಬಾಯಿ ಸ್ವಲ್ಪ ಹೊತ್ತು ಅದನ್ನೇ ನೋಡಿದಳು. "ಆ ಹುಡುಗ ನನ್ನ ಮ್ಯಾಲ ಸಂಶೇ ಪಟ್ಟ, ಬರೋಬ್ಬರಿ. ವಿಶ್ವಾಸಗ ಏನಾಗಿತ್ತು? ಯಾರ್ರಿ ನೀವು ಅಂದ."

"ಗದ್ದಲದಾಗ ಕೇಳ್ಸಿರಲಿಕ್ಕಿಲ್ಲ."

"ಕೇಳ್ಸ್ಯದ."

ಮಚ್ಛೇಂದ್ರ ಹೊರಗೆ ಹೋಗೋಣ ಎಂದ. ಕೋಟೆಗೆ ಹೋದರು. ಒಳಗೆ ಹೋದ ಮೇಲೆ ಏನು ನೋಡಬೇಕೆಂದು ಇಬ್ಬರಿಗೂ ತಿಳಿಯಲಿಲ್ಲ. ಎಲ್ಲರೂ ಹೋಗುವ ಕಡೆ ಹೋದರು. ಒಂದು ಬೇವಿನ ಗಿಡದ ಕೆಳಗೆ ಕುಳಿತಾಗ ಶಾಲುಬಾಯಿ ಕೇಳಿದಳು, ಔರಾದದಲ್ಲಿ ನೈಟ್ ಹಾಲ್ಟ್ ಮಾಡುವಾಗ ಊಟ ಎಲ್ಲಿ ಮಾಡುತ್ತಿದ್ದಿರಿ ಎಂದು. ಮಚ್ಛೇಂದ್ರ ಹೇಳತೊಡಗಿದ. ಯಾವ ಖಾನಾವಳಿಯ ಬೇಳೆ ನೀರಾಗಿರುತ್ತಿತ್ತು, ಮಳೆಗಾಲದಲ್ಲಿ ಬಸ್ಸಿನ ಯಾವ ಸೀಟಿನ ಮೇಲೆ ನೀರು ಸೋರುತ್ತಿರಲಿಲ್ಲ, ವಿಶ್ವಾಸ ಹುಟ್ಟಿದ ಸುದ್ದಿಯನ್ನು ಉದಗೀರದಲ್ಲಿ ಯಾವ ಡ್ರೈವರ್ ಬಂದು ಹೇಳಿದ. ಅವಳು ನಡುನಡುವೆ "ಇದು ನನಗ ಗೊತ್ತೇ ಇಲ್ಲ" ಅನ್ನುತ್ತಿದ್ದಳು. ಊರ ನಡುವಿನ ಚೌಬಾರಾ ಗೋಪುರದ ಹತ್ತಿರ ಭಜಿ ತಿಂದು ಹೋಟೆಲಿಗೆ ಮರಳಿದರು. ಮರುದಿನ ಶಾಲುಬಾಯಿ ಎದ್ದಾಗ ಎಂಟೂವರೆ ಆಗಿತ್ತು. ಅಷ್ಟು ಹೊತ್ತಾದದ್ದು ಕಂಡು ಅವಳು ಗಾಬರಿಯಿಂದ ಸೀರೆ ಸರಿಪಡಿಸಿಕೊಂಡು ಒಲೆಯ ಕಡೆ ಹೋಗುವವಳ ಹಾಗೆ ಎದ್ದು ನಿಂತಳು. ಒಲೆ ಇರಲಿಲ್ಲ.

"ನೀವು ಗೊರಕಿ ಹೊಡೀತೀರಿ," ಅಂದಳು.

"ಎಂದಿನಿಂದ?"

"ನನಗೇನು ಗೊತ್ತು. ನಾ ನಿನ್ನೆ ಕೇಳೀನಿ."

ಅದೇ ಹೊತ್ತಿಗೆ ಭಾಲ್ಕಿಯ ಮನೆಯಲ್ಲಿ ಯಾರಿಗೂ ಏನೂ ಅರ್ಥವಾಗಿರಲಿಲ್ಲ. ವಿಶ್ವಾಸ ಹಿಂದಿನ ದಿನ ಸಂಘದಿಂದ ಬೇಗ ಬಂದು, ಟ್ಯೂಷನ್ ಮಕ್ಕಳ ನಡುವೆಯೇ ಪ್ರಣಿತಾಳನ್ನು ಅಡುಗೆಮನೆಗೆ ಕರೆದು ಹೇಳಿದ್ದ.

"ಅಪ್ಪಗ ಏನೋ ಆಗೇದ. ದೊಡ್ಡ ದವಾಖಾನಿಗಿ ತೋರಸಾಕ ಹೋಗ್ಯಾರ. ನಮಗ ಮುಚ್ಚಿಟ್ಟಾರ."

"ಅಲ್ಲ," ಅಂದಳು ಪ್ರಣಿತಾ. "ನನ್ನ ಟ್ಯೂಷನ್ ಸಲುವಾಗಿ ಹೋಗ್ಯಾರ. ಮಾವನವರು ದಿನಾ ಸಂಜಿಮುಂದ ಹೊರಗ ಹೋಗಿ ಕುಂಡ್ರತಾರ. ಬೇಕಂತ ಮಾಡೀನೇನು ನಾ? ಒಂದು ಮಾತು ಹೇಳಿದ್ರ ಬಿಡತಿದ್ದೆ."

ಗ್ರಂಥಾಲಯದಿಂದ ಬಂದ ಪ್ರಣಾಲಿ ಮೊದಲು ನಕ್ಕಳು. ಆಮೇಲೆ, "ಅವ್ವ ನನ್ನ ಜೋಡಿನೇ ಮಲಗ್ತಾಳ. ನನಗಾದ್ರೂ ಹೇಳಬೇಕಿತ್ತಲ್ಲ," ಎಂದು ಊಟ ಬಿಟ್ಟಳು.

ವಿಶ್ವಾಸ ಔರಾದಕ್ಕೆ ಫೋನ್ ಮಾಡಿ ಅತ್ತೆಯನ್ನು ಕೇಳಿದ. "ನಿಮ್ಮವ್ವ ಇಲ್ಲಿ ಬಂದಿಲ್ಲಪ. ನನ್ನ ಮೊಣಕಾಲಿಗಿ ಏನೂ ಆಗಿಲ್ಲ," ಅಂದಳು ಸಖುಬಾಯಿ. "ಹೋಟೆಲದಾಗ ಯಾಕ ಅದಾರ? ಜಗಳ ಮಾಡೀರೇನು? ಮನಿ ಬಿಟ್ಟು ಹೋಗ್ಯಾರೇನು?" ಬೆಳಗ್ಗೆ ಮೊದಲ ಬಸ್ಸಿಗೆ ಬೀದರಕ್ಕೆ ಬರುತ್ತೇನೆಂದು ಹೇಳಿ ಅವಳು ಫೋನ್ ಇಟ್ಟಳು. ವಿಶ್ವಾಸ ತನಗೆ ಬಂದಿದ್ದ ನಂಬರಿಗೆ ತಿರುಗಿ ಹಚ್ಚಿ ಹೋಟೆಲಿನ ವಿಳಾಸ ಕೇಳಿಕೊಂಡ.

ಹೀಗಾಗಿ ಬೆಳಗ್ಗೆ ಹತ್ತಕ್ಕೆ ವಿಶ್ವಾಸ, ಪ್ರಣಾಲಿ, ಸಖುಬಾಯಿ ಮೂವರೂ ಹೋಟೆಲಿನ ಕೌಂಟರಿನ ಮುಂದೆ ನಿಂತಿದ್ದರು. ಸಖುಬಾಯಿಯ ಕೈಯಲ್ಲಿ ಗಂಟು ಕಟ್ಟಿದ ರೊಟ್ಟಿ, ಶೇಂಗಾದ ಹಿಂಡಿ. ಇಬ್ಬರಿಗಿಂತ ಹೆಚ್ಚು ಜನ ಮೇಲೆ ಹೋಗುವಂತಿಲ್ಲ ಎಂದು ಮುಬಶ್ಶೀರ ಹೇಳಿದ. ಸಖುಬಾಯಿ ಅವನ ಮಾತು ಮುಗಿಯುವ ಮೊದಲೇ ಮೆಟ್ಟಿಲು ಏರಿದ್ದಳು.

ಮಚ್ಛೇಂದ್ರ ಬಾಗಿಲು ತೆಗೆದ. ತಮ್ಮನನ್ನು ಸರಿಸಿ ಒಳಗೆ ಬಂದ ಸಖುಬಾಯಿ ಹಾಸಿಗೆ, ಟಿವಿ, ಸ್ನಾನದಮನೆ ಎಲ್ಲ ಒಮ್ಮೆ ನೋಡಿ, ಕುರ್ಚಿಯ ಮೇಲೆ ಕುಳಿತಳು.

"ಈಗ ಹೇಳು. ಏನಾಗೇದ?"

"ಏನೂ ಆಗಿಲ್ಲಕ್ಕ."

"ರಿಪೋರ್ಟ್ ತೋರಸ್ರಿ ಅಪ್ಪ," ಅಂದ ವಿಶ್ವಾಸ.

"ಎಂಥಾ ರಿಪೋರ್ಟ್?"

"ದವಾಖಾನಿದು."

"ನಾ ದವಾಖಾನಿಗಿ ಹೋಗೇ ಇಲ್ಲ. ಕೋಟಿಗಿ ಹೋಗಿದ್ದೆ."

"ಕೋಟಿಗಿ ಯಾಕ?"

"ನೋಡಾಕ."

ವಿಶ್ವಾಸ ತಾಯಿಯ ಕಡೆ ತಿರುಗಿದ. "ಅವ್ವ, ಪ್ರಣಿತಾ ಏನಾರ ಅಂದಾಳೇನು?"

"ಆಕಿ ಏನಂತಾಳ. ಏನೂ ಅಂದಿಲ್ಲ."

"ನಾ ಏನಾರ ಅಂದೀನೇನು?"

ಶಾಲುಬಾಯಿ ಚೀಲದ ಬಾಯಿ ಬಿಚ್ಚಿದಳು. ಸಖುಬಾಯಿ ಎದ್ದು ಸೆರಗು ಸಿಕ್ಕಿಸಿಕೊಂಡಳು. "ಏನೂ ಆಗದ ಮನಿ ಮಂದಿ ಹೋಟೆಲದಾಗ ಬಂದು ಮಲಗತಾರೇನು? ಈ ವಯಸ್ಸಿನಾಗ? ನಾಳಿ ಪ್ರಣಾಲಿಗಿ ಗಂಡು ನೋಡಾಕ ಬರೋರು ಏನು ಕೇಳತಾರ ಗೊತ್ತದೇನು?"

"ನನ್ನ ಹೆಸರು ನಡುವ ತರಬ್ಯಾಡ ಅತ್ತಿ," ಅಂದಳು ಪ್ರಣಾಲಿ.

"ತರೋದೇ ಅದ. ನಡೀರಿ ಮನಿಗಿ."

ಮಚ್ಛೇಂದ್ರ ಹೆಂಡತಿಯ ಮುಖ ನೋಡಿದ. ಅವಳು ಆಗಲೇ ಚೀಲಕ್ಕೆ ಸೀರೆ ಮಡಚಿ ಹಾಕುತ್ತಿದ್ದಳು. ಎರಡು ದಿನಕ್ಕೆಂದು ಬಂದವರು ಒಂದೇ ದಿನಕ್ಕೆ ಕೆಳಗೆ ಇಳಿದರು. ಮುಬಶ್ಶೀರ ಕಾರ್ಡ್ ಇಸಿದುಕೊಳ್ಳುತ್ತ, "ತಪ್ಪು ತಿಳೀಬ್ಯಾಡ್ರಿ ಚಾಚಾ," ಅಂದ. ಯಾವುದಕ್ಕೆ ಅಂದ ಎಂದು ಮಚ್ಛೇಂದ್ರನಿಗೆ ತಿಳಿಯಲಿಲ್ಲ. "ಇರಲಿ ಬಿಡಪ," ಅಂದ.

ಮನೆಗೆ ಬಂದ ಮೇಲೆ ಯಾರೂ ಅದರ ಮಾತೆತ್ತಲಿಲ್ಲ. ಎಲ್ಲರೂ ತಮಗೆ ತಿಳಿದಂತೆ ಮನೆಯನ್ನು ಸರಿಮಾಡಲು ಹೊರಟರು. ಪ್ರಣಿತಾ ಯಾರಿಗೂ ಹೇಳದೆ ಟ್ಯೂಷನ್ ನಿಲ್ಲಿಸಿದಳು. ಎರಡು ದಿನ ಮಕ್ಕಳು ಬಂದು ಬಾಗಿಲಲ್ಲಿ ನಿಂತು ಹೋದವು. ಊಟಕ್ಕೆ ಮಾವನಿಗೆ ಮೊದಲು ಬಡಿಸಿ, ಬೇಡವೆಂದರೂ ತುಪ್ಪ ಹಾಕಿ, ಅವನ ಕೈ ತೊಳೆಯಲು ತಂಬಿಗೆ ಹಿಡಿದು ನಿಲ್ಲತೊಡಗಿದಳು. ಮಚ್ಛೇಂದ್ರನಿಗೆ ತನ್ನ ಮನೆಯಲ್ಲೇ ಬೀಗರ ಮನೆಗೆ ಬಂದ ಹಾಗಾಯಿತು. ವಿಶ್ವಾಸ ಪಡಸಾಲೆಯ ಮಂಚಕ್ಕೆ ಹೊಸ ಗಾದಿ ತಂದ. ಪ್ರಣಾಲಿ ತನ್ನ ಪುಸ್ತಕಗಳನ್ನು ಒಂದರ ಮೇಲೊಂದು ಏರಿಸಿ ತಾಯಿಗೆ ಒಂದು ಗೇಣು ಜಾಗ ಹೆಚ್ಚು ಮಾಡಿಕೊಟ್ಟಳು. ಒಂದು ದಿನ ಆ ರಾಶಿ ಬಿದ್ದು ನೀರಿನ ತಂಬಿಗೆ ಉರುಳಿತು.

ಸಂಜೆ ಈಗ ಪಡಸಾಲೆ ಖಾಲಿ ಇರುತ್ತಿತ್ತು. ಮಚ್ಛೇಂದ್ರನಿಗೆ ಮನೆಯಲ್ಲಿ ಇರುವುದು ಇನ್ನೂ ಕಷ್ಟವಾಯಿತು. ಬಸ್ ನಿಲ್ದಾಣಕ್ಕೂ ಹೋಗುವಂತಿರಲಿಲ್ಲ. ಸಖುಬಾಯಿ ಬಂದ ಬಸ್ಸಿನ ಕಂಡಕ್ಟರ್ ಅವಳ ಬಾಯಿಂದ ಸುದ್ದಿ ಕೇಳಿ, "ಏನ್ರಿ, ಬೀದರದಾಗ ಹೋಟೆಲ್ ರೂಮ್ ಮಾಡಿದ್ರಂತಲ್ಲ," ಎಂದು ಎಲ್ಲರ ಮುಂದೆ ಕೇಳಿದ್ದ. ಶಾಲುಬಾಯಿ ಅವನ ಜೊತೆ ಮೊದಲು ಆಡುತ್ತಿದ್ದಷ್ಟು ಮಾತನ್ನೂ ಬಿಟ್ಟಳು. ರೊಟ್ಟಿ ಹಾಕಲೇ ಎಂದು ಸಹ ಕೇಳುತ್ತಿರಲಿಲ್ಲ. ಹಾಕಿ ಬಿಡುತ್ತಿದ್ದಳು.

ಹೀಗೆ ಮೂರು ವಾರ ನಡೆಯಿತು. ಡಿಸೆಂಬರಿನ ಒಂದು ಭಾನುವಾರ ಎಲ್ಲರೂ ಕೂಡಿ ಉಣ್ಣುತ್ತಿದ್ದಾಗ ಪುಂಡಿಪಲ್ಯಕ್ಕೆ ಉಪ್ಪು ಹೆಚ್ಚಾಗಿದೆ ಎಂದು ವಿಶ್ವಾಸ ಅಂದ. ಪ್ರಣಿತಾ ಸಟ್ಟುಗ ಇಟ್ಟು ಎದ್ದು ನಿಂತಳು.

"ಉಪ್ಪು ಹೆಚ್ಚಾದ್ರೂ ನಂದೇ ತಪ್ಪು. ಎಲ್ಲ ನಂದೇ ತಪ್ಪು ಅಲ್ಲ? ಟ್ಯೂಷನ್ ನಿಲ್ಲಸೀನಿ. ಸೆರಗು ಹೊದ್ದು ಬಡಿಸ್ತೇನಿ. ಅತ್ತಿಯವರ, ಇನ್ನೇನು ಮಾಡಬೇಕು ಒಮ್ಮಿ ಬಾಯಿ ಬಿಟ್ಟು ಹೇಳ್ರಿ."

"ಟ್ಯೂಷನ್ ಯಾಕ ನಿಲ್ಲಸಿದಿ?" ಅಂದಳು ಶಾಲುಬಾಯಿ.

"ನೀವು ಅದರ ಸಲುವಾಗೇ ಹೋದ್ರಲ್ಲ."

"ಯಾರು ಹೇಳಿದ್ರು? ನಾಳಿಂದ ಹುಡುಗರಿಗಿ ಕರಿ. ಹಾಳು ಬಿದ್ದಂಗ ಆಗೇದ ಮನಿ."

"ಮತ್ತ ಯಾಕ ಹೋಗಿದ್ರಿ?" ಅಂದಳು ಪ್ರಣಿತಾ. "ನನಗ ಹೊತ್ತು ಹೋದ್ರ ಹೊತ್ತು ಹುಟ್ಟಿದ್ರ ಇದೇ ವಿಚಾರ. ತಿಳೀವಲ್ದು."

ಶಾಲುಬಾಯಿ ಕೈಯಲ್ಲಿದ್ದ ತುತ್ತನ್ನು ತಾಟಿಗೆ ಇಳಿಸಿದಳು. ಮಚ್ಛೇಂದ್ರ ತಲೆ ತಗ್ಗಿಸಿ ಕುಳಿತಿದ್ದ.

"ಮಾತಾಡಾಕ ಹೋಗಿದ್ವಿ," ಅಂದಳು ಅವಳು.

"ಏನು ಮಾತಾಡಾಕ?" ಕೇಳಿದ ವಿಶ್ವಾಸ.

"ಏನಾದ್ರೂ. ಮೂವತ್ತೈದು ವರ್ಷ ಆತು ಲಗ್ನ ಆಗಿ. ಮೊದಲ ಎರಡು ವರ್ಷ ನಿಮ್ಮ ಮುತ್ಯಾ, ಆಯಿ, ನಾಲ್ಕು ಮಂದಿ ನಾದಿನೇರು ಒಂದೇ ಮನ್ಯಾಗ. ಆಮ್ಯಾಲ ಇವರು ನೈಟ್ ಹಾಲ್ಟ್. ನೀವು ಹುಟ್ಟಿದ್ರಿ, ಸಾಲಿಗಿ ಹೋದ್ರಿ, ನಿಮ್ಮ ಲಗ್ನ ಆತು. ಇವರು ಮನಿಗಿ ಬಂದ್ರು, ಅವಾಗ ಮನಿ ತುಂಬಿತ್ತು. ಯಾರದು ಏನು ತಪ್ಪು? ಯಾರದೂ ಇಲ್ಲ. ಮಾತಾಡಾಕ ಜಾಗ ಇರಲಿಲ್ಲ, ಹೋಗಿದ್ವಿ."

ಯಾರೂ ಉಣ್ಣುತ್ತಿರಲಿಲ್ಲ. ಕುಣಾಲ ಒಬ್ಬನೇ ಸೊರ್ ಎಂದು ಬೇಳೆ ಹೀರುತ್ತಿದ್ದ.

"ಇಷ್ಟೇ?" ಅಂದ ವಿಶ್ವಾಸ.

"ಇಷ್ಟೇ."

"ಅದನ್ನ ಅವತ್ತೇ ಹೇಳಬೇಕಿತ್ತಲ್ಲವ್ವ."

"ಯಾರ್ರಿ ನೀವು ಅಂದವಗ ಏನು ಹೇಳಲಿ?"

ವಿಶ್ವಾಸನ ಕಿವಿ ಕೆಂಪಾದವು. ಅವನು ಹೇಳಿದ, "ದನಿ ಗುರ್ತಾಗಲಿಲ್ಲವ್ವ. ಖರೇನ ಹೇಳ್ತೇನಿ. ನೀ ಎಂದೂ ನನಗ ಫೋನ್ ಮಾಡಿಲ್ಲ. ಫೋನಿನಾಗ ನಿನ್ನ ದನಿ ಹ್ಯಾಂಗಿರ್ತದ ನನಗ ಗೊತ್ತೇ ಇರಲಿಲ್ಲ."

ಶಾಲುಬಾಯಿ ಮಗನನ್ನು ನೋಡಿದಳು. ಹೌದು, ಮಾಡಿರಲಿಲ್ಲ. ಮಾಡುವ ಪ್ರಸಂಗ ಬಂದಿರಲಿಲ್ಲ. ಅವನು ದಿನಾ ಸಂಜೆ ಮನೆಗೇ ಬರುತ್ತಿದ್ದ. ಅವಳು ತಾಟಿನಲ್ಲಿದ್ದ ತುತ್ತನ್ನು ಮತ್ತೆ ಎತ್ತಿಕೊಂಡಳು. "ಉಣ್ರಿ, ಆರತದ," ಅಂದಳು. "ಉಪ್ಪು ಹೆಚ್ಚೇನಿಲ್ಲ."

ಪ್ರಣಾಲಿ ತಾನು ಪಡಸಾಲೆಗೆ ಬರುತ್ತೇನೆ, ಅವ್ವ ಅಪ್ಪ ಕೋಣೆ ತಗೊಳ್ಳಲಿ ಎಂದಳು. ಹದಿನಾಲ್ಕು ಮಕ್ಕಳ ನಡುವೆ ನೀನು ಓದಿ ಪಾಸಾದ ಹಾಗೇ ಎಂದು ಪ್ರಣಿತಾ ಅಂದಳು. ವಿಶ್ವಾಸ ತಾವು ಮೂವರೂ ಬಾಡಿಗೆ ಮನೆ ನೋಡುತ್ತೇವೆ ಎಂದ. ಅದಕ್ಕೆ ಮಚ್ಛೇಂದ್ರ ಮೊದಲ ಸಲ ಬಾಯಿ ಬಿಟ್ಟ. "ನಾವು ಒಂದು ದಿನ ಹೊರಗ ಹೋಗಿದ್ದಕ್ಕ ಇಷ್ಟು ಆತು. ನೀವು ಖಾಯಂ ಹೋದ್ರ ಊರು ಏನಂತದ? ಸುಮ್ಮ ಕುಂಡ್ರು." ಆ ದಿನ ಏನೂ ತೀರ್ಮಾನವಾಗಲಿಲ್ಲ. ಮರುದಿನದಿಂದ ಟ್ಯೂಷನ್ ಮಾತ್ರ ಮತ್ತೆ ಶುರುವಾಯಿತು.

ಜನವರಿಯಲ್ಲಿ, ವಿಶ್ವಾಸ ಸಂಘಕ್ಕೆ ಹೋದ ಮೇಲೆ, ಮನೆಯ ಮುಂದೆ ಒಂದು ಗೂಡ್ಸ್ ಆಟೋ ಬಂದು ನಿಂತಿತು. ಅದರಲ್ಲಿ ತಗಡಿನ ಶೀಟು, ಕಬ್ಬಿಣದ ಪೈಪು, ಇಟ್ಟಂಗಿ ಇದ್ದವು. ಮಚ್ಛೇಂದ್ರ ಹೊರಗೆ ಬಂದು ತಪ್ಪು ಮನೆಗೆ ಬಂದಿದ್ದೀರಿ ಎಂದು ಆಟೋದವನಿಗೆ ಹೇಳುತ್ತಿದ್ದ. ಶಾಲುಬಾಯಿ ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತ ಬಂದಳು.

"ಇಲ್ಲೇ ಇಳಸ್ರಿ. ಮಾಳಿಗಿ ಮ್ಯಾಲ ಒಯ್ಯೂದದ."

"ಏನಿದು?" ಕೇಳಿದ ಮಚ್ಛೇಂದ್ರ.

"ಕೋಣಿ."

"ನನಗ ಒಂದು ಮಾತು ಹೇಳಲಿಲ್ಲ."

"ಮಾತಾಡಾಕ ಜಾಗ ಎಲ್ಲದ?" ಅಂದಳು ಶಾಲುಬಾಯಿ. ಅವಳ ಮುಖದ ಮೇಲೆ ನಗು ಇತ್ತೋ ಇಲ್ಲವೋ ಅವನಿಗೆ ಹೇಳಲಾಗಲಿಲ್ಲ.

ಸಂಜೆ ವಿಶ್ವಾಸ ಬಂದು ಮಾಳಿಗೆ ಹತ್ತಿ ನೋಡಿ ಇಳಿದ. "ಅವ್ವ, ಬ್ಯಾಸಗಿಗಿ ಈ ತಗಡು ಹೆಂಚಿನಂಗ ಕಾಯ್ತದ. ಬೇಯ್ತೀರಿ ಇಬ್ಬರೂ."

"ಬ್ಯಾಸಗ್ಯಾಗ ಹೊರಗ ಮಲಗ್ತೀವಿ."

"ಅಪ್ಪಗ ಮೆಟ್ಟಲ ಏರಾಕ ಆಗ್ತದೇನು?"

"ಮೂವತ್ತೆರಡು ವರ್ಷ ಬಸ್ ಏರಿ ಇಳದಾರ."

ಗೌಂಡಿ ಹತ್ತು ದಿನ ಕೆಲಸ ಮಾಡಿದ. ಸಖುಬಾಯಿ ಔರಾದದಿಂದ ಒಮ್ಮೆ ಬಂದು, ಮೇಲೆ ಹೋಗಿ, ನಾಲ್ಕು ಗೋಡೆಯ ನಡುವೆ ನಿಂತು, "ಗಾಳಿ ಭಾಳ ಚೊಲೋ ಬರ್ತದ," ಎಂದಷ್ಟೇ ಹೇಳಿ ಹೋದಳು. ಸಣ್ಣ ಕೋಣೆ, ಎರಡು ಹಾಸಿಗೆ ಹಾಸಿದರೆ ನಡೆಯಲು ದಾರಿ ಉಳಿಯದು. ಒಂದು ಬಾಗಿಲು, ಬಾಗಿಲಿಗೆ ಒಳಗಿನಿಂದ ಅಗಳಿ.

ಅವರು ಮೇಲೆ ಹೋದ ಮೂರನೆಯ ದಿನ, ಬೆಳಗ್ಗೆ ಆರರ ಸುಮಾರಿಗೆ, ಶಾಲುಬಾಯಿ ಇನ್ನೂ ಇಳಿದು ಬಂದಿರಲಿಲ್ಲ. ಪ್ರಣಿತಾ ಚಹಾ ಮಾಡಿ ಎರಡು ಕಪ್ಪು ಹಿಡಿದು ಮಾಳಿಗೆ ಹತ್ತಿದಳು. ಮೇಲಿನ ಮೆಟ್ಟಿಲಿಗೆ ಬರುವಾಗ ಒಳಗೆ ಮಾತು ಕೇಳಿಸಿತು. ಭಾತಂಬ್ರಾದ ಹಳ್ಳದ ಸೇತುವೆ ಮೊದಲು ಮುಳುಗಿದ್ದು ಪ್ರಣಾಲಿ ಹುಟ್ಟಿದ ವರ್ಷವೋ ಅದರ ಹಿಂದಿನ ವರ್ಷವೋ ಎಂದು ಇಬ್ಬರೂ ವ್ಯಾಜ್ಯ ಮಾಡುತ್ತಿದ್ದರು. ಮಾವ ಹಿಂದಿನ ವರ್ಷ ಅನ್ನುತ್ತಿದ್ದ. ಅತ್ತೆ, "ಆ ಮಳ್ಯಾಗ ನಾ ಬಸುರಿ ಇದ್ದೆ, ನನಗ ಗೊತ್ತಿಲ್ಲೇನು?" ಅನ್ನುತ್ತಿದ್ದಳು.

ಪ್ರಣಿತಾಳಿಗೆ ಏನು ಮಾಡಬೇಕೆಂದು ತೋಚಲಿಲ್ಲ. ಆ ಮನೆಯಲ್ಲಿ ಅವಳು ಒಂಬತ್ತು ವರ್ಷ ಬಾಳಿದ್ದಳು; ಅತ್ತೆ ಇರುವ ಕಡೆ ಬಾಗಿಲು ಮುಚ್ಚಿದ್ದನ್ನು ಎಂದೂ ಕಂಡಿರಲಿಲ್ಲ. ಬಡಿಯಬೇಕೋ, ಕೂಗಬೇಕೋ, ಇಳಿದು ಹೋಗಬೇಕೋ. ಎರಡೂ ಕೈಯಲ್ಲಿ ಕಪ್ಪು ಇದ್ದುದರಿಂದ ಬಡಿಯುವುದಂತೂ ಆಗುತ್ತಿರಲಿಲ್ಲ.

"ಅತ್ತಿ," ಎಂದು ಮೆಲ್ಲಗೆ ಕರೆದಳು. "ಚಹಾ ತಂದೀನ್ರಿ."

ಒಳಗೆ ಮಾತು ನಿಂತಿತು.

"ತಡಿ," ಅಂದಳು ಶಾಲುಬಾಯಿ. "ಬರ್ತೇನಿ."

ಕರೆದ ಕೂಡಲೇ ಎದ್ದು ಬರುವ ಅತ್ತೆ ತಡಿ ಅಂದದ್ದು ಇದೇ ಮೊದಲು. ಪ್ರಣಿತಾ ನಿಂತಳು. ಬಾಗಿಲು ತೆರೆಯಲಿಲ್ಲ, ಒಳಗೆ ಸೇತುವೆಯ ಮಾತು ಮತ್ತೆ ಶುರುವಾಯಿತು. ಅವಳು ಮೇಲಿನ ಮೆಟ್ಟಿಲ ಮೇಲೆ ಕುಳಿತಳು. ಕೆಳಗೆ ಅಂಗಳದ ನಳಕ್ಕೆ ನೀರು ಬಂದಿತ್ತು, ಪ್ರಣಾಲಿ ಕೊಡ ಹಿಡಿದಿದ್ದಳು. ಕಪ್ಪುಗಳ ಮೇಲೆ ಕೆನೆ ಕಟ್ಟತೊಡಗಿತು. ಸ್ವಲ್ಪ ಹೊತ್ತು ನೋಡಿ, ಆರಿ ಹೋಗುತ್ತದಲ್ಲ ಎಂದು ಪ್ರಣಿತಾ ಒಂದು ಕಪ್ಪು ತಾನೇ ಕುಡಿದಳು. ಆಮೇಲೆ ಇನ್ನೊಂದನ್ನೂ ಕುಡಿದು, ಬೇರೆ ಚಹಾ ಇಡಲು ಕೆಳಗೆ ಇಳಿದಳು.